ನೇಕಾರ ಶಿಕ್ಷಕಿಯನ್ನು ನೆನೆಯುವುದು ಹೇಗೆ? ಆನಿ ಆಲ್ಬರ್ಸ್ ಅವರ ಬಾಳು ಮತ್ತು ಪಾಠ: ಒಂದು ಪ್ರಕರಣ ಅಧ್ಯಯನ

ಆನಿ ಆಲ್ಬರ್ಸ್ 1994ರ ಮೇ 9ರಂದು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಆರೆಂಜ್ ಎಂಬ ಊರಿನಲ್ಲಿ ತೀರಿಕೊಂಡರು. ಆಗ ಅವರಿಗೆ 94 ವರ್ಷ. ಕಾಲೇಜಿನ ಪಾಠ ಬಿಟ್ಟು ನಾಲ್ಕು ದಶಕ ದಾಟಿತ್ತು, ಮಗ್ಗ ಬಿಟ್ಟು ಎರಡು ದಶಕ ದಾಟಿತ್ತು. ಅವರ ಹೆಸರು ಇವತ್ತು ದೊಡ್ಡ ಸಂಗ್ರಹಾಲಯಗಳಲ್ಲಿದೆ. ಆದರೆ ಅವರನ್ನು ಹೆಚ್ಚಾಗಿ ನೆನೆಯುವುದು ಎರಡೇ ಬಗೆಯಲ್ಲಿ: ಚಿತ್ರಕಾರ ಜೋಸೆಫ್ ಆಲ್ಬರ್ಸ್ ಅವರ ಹೆಂಡತಿಯಾಗಿ, ಇಲ್ಲವೇ ಗಾಜಿನ ಚೌಕಟ್ಟಿನೊಳಗೆ ತೂಗುಹಾಕಿದ ಬಟ್ಟೆಯ ಕಲಾವಿದೆಯಾಗಿ. ಈ ಎರಡರಲ್ಲೂ ಅವರೊಳಗಿನ ಶಿಕ್ಷಕಿ ಕಾಣುವುದಿಲ್ಲ.

ನೇಯ್ಗೆ ಕಲಿಸಿದವರು ಹೋದ ಮೇಲೆ ಉಳಿಸಿಕೊಳ್ಳಬೇಕಾದದ್ದು ಮೂರು: ನೇಯ್ದ ಬಟ್ಟೆ, ಆ ಬಟ್ಟೆಯ ಎಳೆಲೆಕ್ಕ (ಯಾವ ಎಳೆ, ಎಷ್ಟು, ಯಾವ ಕ್ರಮದಲ್ಲಿ ಎಂಬ ಬರಹ), ವಿದ್ಯಾರ್ಥಿಗಳಿಗೆ ಕೊಟ್ಟ ಅಭ್ಯಾಸ. ಬಟ್ಟೆಯನ್ನು ಎಲ್ಲರೂ ಎತ್ತಿಡುತ್ತಾರೆ, ಎಳೆಲೆಕ್ಕವನ್ನು ಕೆಲವರು ಎತ್ತಿಡುತ್ತಾರೆ, ಅಭ್ಯಾಸವನ್ನು ಎತ್ತಿಡುವವರು ತೀರಾ ಕಡಿಮೆ. ಆನಿ ಅವರ ಪ್ರಕರಣದಲ್ಲಿ ಮೂರೂ ಸಾಕಷ್ಟು ಉಳಿದಿರುವುದರಿಂದ ಯಾವುದು ಇದ್ದರೆ ಏನು ಸಾಧ್ಯ, ಯಾವುದು ಕಳೆದರೆ ಏನು ಕೈಬಿಟ್ಟುಹೋಗುತ್ತದೆ ಎಂದು ಸ್ಪಷ್ಟವಾಗಿ ನೋಡಬಹುದು.

ಹಿನ್ನೆಲೆ

ಹುಟ್ಟಿದ್ದು 1899ರ ಜೂನ್ 12, ಬರ್ಲಿನ್‌ನಲ್ಲಿ, ಯಹೂದಿ ಮೂಲದ ಅನುಕೂಲಸ್ಥ ಮನೆತನದಲ್ಲಿ. ತವರಿನ ಹೆಸರು ಆನೆಲೀಸೆ ಫ್ಲೈಷ್‌ಮಾನ್. 1922ರಲ್ಲಿ ವೈಮರ್‌ನ ಬೌಹೌಸ್ ಕಲಾಶಾಲೆ ಸೇರಿದರು. ಗಾಜಿನ ವಿಭಾಗದ ಮೇಲೆ ಮನಸ್ಸಿತ್ತು, ಆದರೆ ಹೆಣ್ಣುಮಕ್ಕಳನ್ನು ನೇಯ್ಗೆಗೆ ಕಳಿಸುವುದು ಅಲ್ಲಿನ ರೂಢಿಯಾಗಿತ್ತು. ಒಲ್ಲದ ಮನಸ್ಸಿನಿಂದ ಮಗ್ಗದ ಮುಂದೆ ಕೂತವರು ಗುಂಟಾ ಷ್ಟಾಲ್ಸ್ಲ್ ಅವರ ಜೊತೆ ಕಲಿತು, ಚಿತ್ರಕಾರ ಪಾಲ್ ಕ್ಲೀ ಅವರ ಪಾಠ ಕೇಳಿ, 1930ರಲ್ಲಿ ಡಿಪ್ಲೊಮಾ ಪಡೆದರು. ಜೋಸೆಫ್ ಅವರೊಡನೆ ಮದುವೆ 1925ರಲ್ಲಿ. 1933ರಲ್ಲಿ ನಾಜಿಗಳ ಒತ್ತಡದಿಂದ ಬೌಹೌಸ್ ಮುಚ್ಚಿತು. ಅದೇ ವರ್ಷದ ಕೊನೆಗೆ ದಂಪತಿ ಅಮೆರಿಕದ ನಾರ್ತ್ ಕ್ಯಾರೊಲೈನಾದ ಬ್ಲ್ಯಾಕ್ ಮೌಂಟನ್ ಕಾಲೇಜಿಗೆ ಬಂದರು. ಆನಿ ಅಲ್ಲಿ 1949ರವರೆಗೆ ಕಲಿಸಿದರು.

ಡಿಪ್ಲೊಮಾ ಬಟ್ಟೆ: ಒಂದು ಸಮಸ್ಯೆ, ಎರಡು ಮುಖ

ಬರ್ಲಿನ್ ಹತ್ತಿರದ ಬೆರ್ನಾವ್ ಊರಿನಲ್ಲಿ ವಾಸ್ತುಶಿಲ್ಪಿ, ಬೌಹೌಸ್ ನಿರ್ದೇಶಕ ಹಾನೆಸ್ ಮೇಯರ್ ಅವರು ಕಾರ್ಮಿಕ ಸಂಘಟನೆಗಾಗಿ ಒಂದು ಶಾಲೆ ಕಟ್ಟಿಸುತ್ತಿದ್ದರು. ಅಲ್ಲಿನ ಸಭಾಂಗಣದಲ್ಲಿ ದನಿ ಮಾರ್ದನಿಸುತ್ತಿತ್ತು. ಇದಕ್ಕೆ ಆಗ ಗೊತ್ತಿದ್ದ ಉಪಾಯ ಗೋಡೆಗೆ ಮಖಮಲ್ ಹೊದಿಸುವುದು. ಮಖಮಲ್ಲಿನ ನಿಂತ ಎಳೆಗಳ ನಡುವೆ ದನಿ ಸಿಕ್ಕಿ ಕರಗುತ್ತದೆ. ತೊಡಕು ಏನೆಂದರೆ, ಕೈ ತಾಗಿ ತಿಳಿಬಣ್ಣದ ಮಖಮಲ್ ಬೇಗ ಕೊಳೆಯಾಗುತ್ತದೆ, ಅದಕ್ಕೆ ಕಡುಬಣ್ಣದ್ದನ್ನೇ ಹಾಕಬೇಕು. ಕಡುಬಣ್ಣ ಹಾಕಿದರೆ ಬೆಳಕನ್ನೆಲ್ಲ ಅದು ನುಂಗಿ ಕೋಣೆ ಕತ್ತಲಾಗುತ್ತದೆ.

ಆನಿ ತಮ್ಮ ಡಿಪ್ಲೊಮಾ ಕೆಲಸದಲ್ಲಿ ಆ ಎರಡು ಗುಣಗಳನ್ನು ಬಟ್ಟೆಯ ಎರಡು ಮುಖಕ್ಕೆ ಹಂಚಿದರು. ಗೋಡೆಯ ಕಡೆಗೆ ಶೆನೀಲ್, ಅಂದರೆ ಸುತ್ತಲೂ ಮೃದು ಜುಂಗು ಇರುವ ನೂಲು. ಅದು ದನಿಯನ್ನು ಹೀರುತ್ತದೆ. ಜನರ ಕಡೆಗೆ ಸೆಲೋಫೇನ್ ಎಳೆ. ಅದು ಬೆಳಕನ್ನು ಮರಳಿಸುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿದರೆ ಸ್ವಚ್ಛವಾಗುತ್ತದೆ. ಮುಖದ ಎಳೆ ಹಿಂಬದಿಗೆ ಇಣುಕದಂತೆ, ಹಿಂಬದಿಯ ಜುಂಗು ಮುಂದೆ ಬರದಂತೆ ಹೆಣೆಯುವುದೇ ಇಲ್ಲಿನ ಕೌಶಲ. ಸೆಲೋಫೇನ್ ಹತ್ತಿನೂಲಿನ ಹಾಗೆ ಬಾಗಿ ಒತ್ತಿಕೊಳ್ಳುವುದಿಲ್ಲ. ಬಿಗಿದರೆ ಸುಕ್ಕು ಬೀಳುತ್ತದೆ, ಸಡಿಲ ಬಿಟ್ಟರೆ ಬಟ್ಟೆ ಜಾಳಾಗುತ್ತದೆ. ಆದ್ದರಿಂದ ಬಟ್ಟೆಯನ್ನು ಕಟ್ಟಿ ಹಿಡಿಯುವ ಭಾರ ಹತ್ತಿಯ ಹಾಸಿನ, ಅಂದರೆ ಉದ್ದಕ್ಕೆ ಬಿಗಿದ ಎಳೆಗಳ, ಮೇಲೇ ಬೀಳುತ್ತದೆ. ಈ ಬಟ್ಟೆಯ ಮಾದರಿ ತುಣುಕುಗಳು ಸಂಗ್ರಹಾಲಯಗಳಲ್ಲಿವೆ. ಶಾಲೆಯ ಕಟ್ಟಡವನ್ನು ಯುನೆಸ್ಕೊ 2017ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇದನ್ನು ಗೋಡೆಯಲಂಕಾರ ಎಂದು ನೋಡಿದವರಿಗೆ ಅರ್ಧವೂ ಸಿಕ್ಕುವುದಿಲ್ಲ. ದನಿ, ಬೆಳಕು, ಕೊಳೆ: ಈ ಮೂರು ಪ್ರಶ್ನೆಗಳನ್ನು ಪಕ್ಕದಲ್ಲಿ ಬರೆದಿಟ್ಟರೆ ಮಾತ್ರ ಆ ತುಣುಕು ಮಾತಾಡುತ್ತದೆ. ಮುಂದೆ ಆನಿ ಕಲಿಸಿದ ರೀತಿಯೂ ಇದೇ: ಬಟ್ಟೆಗಿಂತ ಮೊದಲು ಪ್ರಶ್ನೆ.

ಬ್ಲ್ಯಾಕ್ ಮೌಂಟನ್‌ನ ಮೊದಲ ಪಾಠ

ಹೊಸ ಕಾಲೇಜಿನಲ್ಲಿ ಹಣ ಕಡಿಮೆ, ಸಲಕರಣೆ ಇನ್ನೂ ಕಡಿಮೆ. ಆನಿ ಆ ಕೊರತೆಯನ್ನೇ ಪಾಠಕ್ರಮವಾಗಿಸಿದರು. ವಿದ್ಯಾರ್ಥಿಗಳು ತಾವು ಹಳೆಯ ಕಾಲದ ಪೆರುವಿನ ಕರಾವಳಿಯಲ್ಲಿದ್ದೇವೆ, ಕೈಯಲ್ಲಿ ಏನೂ ಇಲ್ಲ ಎಂದುಕೊಂಡು ಶುರುಮಾಡಬೇಕಿತ್ತು. ನಾರು ಎಲ್ಲಿಂದ ತರುವುದು, ಎಳೆಯನ್ನು ಬಿಗಿಯಾಗಿ ಹಿಡಿಯುವುದು ಹೇಗೆ, ಒಂದು ಬಿಟ್ಟು ಒಂದು ಎಳೆಯನ್ನು ಒಟ್ಟಿಗೆ ಎತ್ತುವುದು ಹೇಗೆ ಎಂದು ತಾವೇ ಕಂಡುಕೊಳ್ಳಬೇಕು. ಆ ಹುಡುಕಾಟದ ದಾರಿಯಲ್ಲಿ ಸಿಗುವ ದೊಡ್ಡ ಉತ್ತರ ಸೊಂಟಪಟ್ಟಿ ಮಗ್ಗ: ಒಂದು ತುದಿ ಕಂಬಕ್ಕೆ, ಇನ್ನೊಂದು ನೇಕಾರಳ ಸೊಂಟಕ್ಕೆ. ಆಂಡಿಸ್ ಸೀಮೆಯ ನೇಕಾರರು ಇದರ ಮೇಲೆ ಜಗತ್ತಿನ ಅತಿ ಸೂಕ್ಷ್ಮ ಬಟ್ಟೆಗಳನ್ನು ನೇಯ್ದರು. ನಮ್ಮ ನಾಗಾಲ್ಯಾಂಡ್, ಮಣಿಪುರಗಳ ಹೆಂಗಸರು ಇಂದಿಗೂ ಇದೇ ಬಗೆಯ ಮಗ್ಗದಲ್ಲಿ ನೇಯುತ್ತಾರೆ. 1965ರಲ್ಲಿ ನೇಯ್ಗೆಯ ಬಗ್ಗೆ ತಾವು ಬರೆದ ಪುಸ್ತಕವನ್ನು ಆನಿ ಅರ್ಪಿಸಿದ್ದು ಪ್ರಾಚೀನ ಪೆರುವಿನ ನೇಕಾರರಿಗೆ, ಅವರು ತಮ್ಮ ಮಹಾಗುರುಗಳು ಎಂದು.

ಆನಿ ಅವರನ್ನು ನೆನೆಯಲು ಕಾರ್ಯಾಗಾರ ನಡೆಸಬೇಕೆಂದಿದ್ದರೆ ಇಲ್ಲಿಂದಲೇ ಶುರುಮಾಡಬೇಕು ಎನ್ನುವುದು ನಮ್ಮ ಗಟ್ಟಿ ಅಭಿಪ್ರಾಯ. ಅದಕ್ಕೆ ಬೇಕಾದ ಲೆಕ್ಕ ಹೀಗಿದೆ.

ಹತ್ತು ಸೆಂ.ಮೀ. ಅಗಲದ ಪಟ್ಟಿ ಸಾಕು. ಎರಡು ಎಳೆ ಸೇರಿಸಿ ಹುರಿಮಾಡಿದ, ಸುಮಾರು 1 ಮಿ.ಮೀ. ದಪ್ಪದ ಹತ್ತಿನೂಲು ತೆಗೆದುಕೊಳ್ಳಿ. ಹಾಸು ಒತ್ತೊತ್ತಾಗಿ ಹೊಕ್ಕನ್ನು (ಅಡ್ಡಕ್ಕೆ ಹಾಯುವ ಎಳೆಯನ್ನು) ಮುಚ್ಚುವ ನೇಯ್ಗೆಗೆ ಸೆಂಟಿಮೀಟರಿಗೆ 10 ಎಳೆ, ಅಂದರೆ ಒಟ್ಟು 100 ಎಳೆ. ಉದ್ದ ಒಂದೂವರೆ ಮೀಟರ್ ಇಟ್ಟರೆ ಹಾಸಿನ ಎಳೆಗಳಿಗೆ 150 ಮೀಟರ್ ನೂಲು ಹೋಗುತ್ತದೆ. ತುದಿಯ ನಷ್ಟ, ನೇಯುವಾಗ ಕುಗ್ಗುವುದು ಕಳೆದು ಸುಮಾರು ಒಂದು ಮೀಟರ್ ಬಟ್ಟೆ ಸಿಗುತ್ತದೆ.

ನೆಲಕ್ಕೆ ಎರಡು ಗೂಟ ಹೊಡೆದು, ಇಂಗ್ಲಿಷಿನ 8ರ ಆಕಾರದಲ್ಲಿ ನೂಲು ಸುತ್ತಬೇಕು. ನಡುವೆ ಎಳೆಗಳು ಒಂದನ್ನೊಂದು ದಾಟುವ ಜಾಗವೇ ಇಡೀ ಹಾಸಿನ ಜೀವ. ಎಳೆಗಳ ಸರದಿಯನ್ನು ಕಾಯುವುದು ಅದೇ. ಗೂಟದಿಂದ ಬಿಡಿಸುವ ಮೊದಲು ಆ ಅಡ್ಡಹಾಯುವಿಕೆಯ ಎರಡೂ ಬದಿಗೆ ದಾರ ಕಟ್ಟದಿದ್ದರೆ, ಬಿಡಿಸಿದ ಕ್ಷಣವೇ ನೂರು ಎಳೆ ಗೋಜಲಾಗುತ್ತವೆ. ಆಮೇಲೆ ಸರಿಪಡಿಸುವುದಕ್ಕಿಂತ ಹೊಸದಾಗಿ ಸುತ್ತುವುದೇ ಬೇಗ.

ಎರಡು ತುದಿಗೆ ಎರಡು ಕೋಲು. ದೂರದ ಕೋಲನ್ನು ಕಂಬಕ್ಕೆ ಕಟ್ಟಬೇಕು, ಹತ್ತಿರದ್ದನ್ನು ಸೊಂಟದ ಹಿಂದೆ ಹಾಯುವ ಅಗಲ ಪಟ್ಟಿಗೆ ಕಟ್ಟಬೇಕು. ಅಡ್ಡಹಾಯುವಿಕೆಯ ಆಚೆಬದಿಗೆ ದಪ್ಪ ದುಂಡುಕೋಲನ್ನು ತೂರಿಸಿದರೆ 50 ಎಳೆ ಮೇಲೆ ನಿಲ್ಲುತ್ತವೆ, ಇನ್ನು 50 ಕೆಳಗೆ ಹಾಯುತ್ತವೆ. ಕೆಳಗಿನ ಒಂದೊಂದು ಎಳೆಯನ್ನೂ ನೂಲಿನ ಕುಣಿಕೆಯಲ್ಲಿ ಹಿಡಿದು ಮೇಲೊಂದು ತೆಳುಕೋಲಿಗೆ ಕಟ್ಟಬೇಕು: ಐವತ್ತು ಕುಣಿಕೆ, ಎಲ್ಲವೂ ಒಂದೇ ಉದ್ದ. ಇವುಗಳ ಜೊತೆಗೆ ಹೊಕ್ಕನ್ನು ಬಡಿಯಲು ಅಂಚು ನುಣುಪಾದ ಚಪ್ಪಟೆ ಮರದ ಪಟ್ಟಿ, ಹೊಕ್ಕಿನ ನೂಲು ಸುತ್ತಿದ ಕಡ್ಡಿ.

ನೇಯುವಾಗ ದುಂಡುಕೋಲು ಒಂದು ಬಾಯಿ (ಹೊಕ್ಕು ತೂರಿಸಲು ಎಳೆಗಳ ನಡುವಿನ ಸಂದು) ತೆರೆಯುತ್ತದೆ, ಕುಣಿಕೆಕೋಲು ಎತ್ತಿದರೆ ಇನ್ನೊಂದು. ಕುಣಿಕೆಕೋಲು ಎತ್ತುವಾಗ ಮೈ ಮುಂದಕ್ಕೆ ಬಾಗಿಸಿ ಹಾಸನ್ನು ಸಡಿಲಿಸಬೇಕು, ಹೊಕ್ಕು ಬಡಿಯುವಾಗ ಹಿಂದಕ್ಕೆ ವಾಲಿ ಬಿಗಿಯಬೇಕು. ಹೊಸಬರಲ್ಲಿ ಹೆಚ್ಚಿನವರು ಬಿಗಿಯಾಗಿಯೇ ಕೂತು ಕೋಲನ್ನು ಬಲವಂತವಾಗಿ ಎಳೆಯುತ್ತಾರೆ. ಎಳೆ ಏಳುವುದಿಲ್ಲ, ಕುಣಿಕೆ ಹರಿಯುತ್ತದೆ. ಇಳಕಲ್ಲಿನ ಕುಣಿಮಗ್ಗದಲ್ಲಿ ಹಾಸಿನ ಬಿಗಿತವನ್ನು ಮರದ ಕಟ್ಟು ಹಿಡಿದಿರುತ್ತದೆ, ಕಾಲು ತುಳಿದರೆ ಬಾಯಿ ತೆರೆಯುತ್ತದೆ. ಸೊಂಟಪಟ್ಟಿ ಮಗ್ಗದಲ್ಲಿ ಬಿಗಿತವೂ ನೇಕಾರಳ ಬೆನ್ನಲ್ಲೇ ಇದೆ. ಮಗ್ಗ ಅಂದರೆ ಮೂಲದಲ್ಲಿ ಬಿಗಿತವನ್ನು ಹಿಡಿಯುವ ಉಪಕರಣ ಎನ್ನುವುದು ಮೈಗೆ ತಿಳಿಯಲಿ ಎಂದೇ ಈ ಪಾಠ.

ತಪ್ಪುವ ಕಡೆಗಳು ಇನ್ನೂ ಇವೆ. ಪಟ್ಟಿ ಮೇಲೆ ಹೋಗುತ್ತ ಕಿರಿದಾದರೆ ಹೊಕ್ಕನ್ನು ಎಳೆದು ಹಾಕುತ್ತಿದ್ದೀರಿ ಎಂದರ್ಥ. ಹೊಕ್ಕನ್ನು ಓರೆಯಾಗಿ ಹಾಸಿ ಆಮೇಲೆ ಬಡಿಯಬೇಕು, ಹತ್ತು ಸೆಂ.ಮೀ. ಕಡ್ಡಿಯೊಂದನ್ನು ಪಕ್ಕದಲ್ಲಿಟ್ಟು ಆಗಾಗ ಅಳೆಯಬೇಕು. ಬಾಯಿ ತೆರೆಯುವಾಗ ಎಳೆಗಳು ಅಂಟಿಕೊಂಡರೆ ನೂಲಿನ ಜುಂಗು ಕಾರಣ. ತೆಳ್ಳನೆಯ ಗಂಜಿ ಸವರಿ ಒಣಗಿಸಿದರೆ ಕೂರುತ್ತದೆ. ಬಟ್ಟೆಯ ಒಂದು ಮಗ್ಗುಲು ಜೋತರೆ ಹಾಸು ಸುತ್ತುವಾಗಲೇ ಬಿಗಿತ ತಪ್ಪಿದೆ. ಹಾಸನ್ನು ಒಬ್ಬರೇ, ಒಂದೇ ಸಲಕ್ಕೆ ಕೂತು ಸುತ್ತುವುದು ಅದಕ್ಕೇ ಒಳ್ಳೆಯದು.

ಮಗ್ಗವಿಲ್ಲದ ಅಭ್ಯಾಸಗಳೂ ಇದ್ದವು. ಮೆಕ್ಕೆಜೋಳದ ಕಾಳು, ಹುಲ್ಲು, ತಿರುಚಿದ ಕಾಗದ ಇವನ್ನು ಜೋಡಿಸಿ ಬಟ್ಟೆಯ ಮೈಯ ಭಾಸ ತರಿಸುವುದು, ಟೈಪ್‌ರೈಟರಿನ ಅಕ್ಷರಗಳನ್ನೇ ಸಾಲುಸಾಲಾಗಿ ಒತ್ತಿ ನೇಯ್ಗೆಯಂತೆ ಕಾಣಿಸುವುದು. ಕಣ್ಣಿನಿಂದ ನೋಡಿದ್ದನ್ನು ಬೆರಳು ಒಪ್ಪುತ್ತದೆಯೇ ಎಂಬ ಪರೀಕ್ಷೆ ಇದು. ವಿದ್ಯಾರ್ಥಿ ಅಲೆಕ್ಸಾಂಡರ್ ರೀಡ್ ಜೊತೆ ಸೇರಿ ಆನಿ 1940ರ ಸುಮಾರಿಗೆ ಸಿಂಕಿನ ಜಾಲರಿ, ಪೇಪರ್ ಕ್ಲಿಪ್, ವಾಷರುಗಳಿಂದ ಕೊರಳ ಹಾರ ಮಾಡಿದ್ದು ಇದೇ ಮನೋಧರ್ಮದಲ್ಲಿ. ಮೆಕ್ಸಿಕೊದ ಮೊಂಟೆ ಆಲ್ಬಾನ್‌ನಲ್ಲಿ ಸಿಕ್ಕ ಪ್ರಾಚೀನ ಒಡವೆಗಳು ಅದಕ್ಕೆ ಪ್ರೇರಣೆ.

ಆನಿ ತಾವೇ ಮಾಡಿದ ಸ್ಮರಣೆ

ಈ ಪ್ರಕರಣದಲ್ಲಿ ನಮಗೆ ಅತಿ ಮುಖ್ಯ ಎನಿಸುವುದು ಇದು. ಹ್ಯಾರಿಯೆಟ್ ಎಂಗೆಲ್‌ಹಾರ್ಟ್ ಎಂಬ ಹಳೆಯ ವಿದ್ಯಾರ್ಥಿನಿ 1945ರಲ್ಲಿ ರೆಡ್‌ಕ್ರಾಸ್ ಸೇವೆಯಲ್ಲಿದ್ದಾಗ ತೀರಿಕೊಂಡರು. ಅವರ ನೆನಪಿಗೆಂದು ಆನಿ ಕಾಲೇಜಿಗಾಗಿ ಬಟ್ಟೆಗಳ ಸಂಗ್ರಹ ಕಟ್ಟಿದರು, ಅದರಲ್ಲಿ ಆಂಡಿಸ್ ಸೀಮೆಯ ಹಳೆಯ ನೇಯ್ಗೆಗೆ ದೊಡ್ಡ ಜಾಗ. ಕಲ್ಲು ನೆಡಲಿಲ್ಲ, ಭಾವಚಿತ್ರ ತೂಗುಹಾಕಲಿಲ್ಲ. ಮುಂದಿನ ವಿದ್ಯಾರ್ಥಿಗಳು ಕಣ್ಣಿಟ್ಟು ಎಳೆ ಎಣಿಸಿ ಕಲಿಯಬಹುದಾದ ತುಣುಕುಗಳನ್ನು ಆರಿಸಿದರು. ಆ ಸಂಗ್ರಹ ಈಗ ಯೇಲ್ ವಿಶ್ವವಿದ್ಯಾಲಯದ ಕಲಾ ಸಂಗ್ರಹಾಲಯದಲ್ಲಿದೆ. ಬ್ಲ್ಯಾಕ್ ಮೌಂಟನ್ ಕಾಲೇಜು 1957ರಲ್ಲಿ ಮುಚ್ಚಿದರೂ ವಿದ್ಯಾರ್ಥಿನಿಯ ಹೆಸರು ಬಟ್ಟೆಯ ಜೊತೆಗೇ ಉಳಿಯಿತು. ಕಲಿಕೆಗೆ ಬೇಕಾಗುವ ವಸ್ತುವಿನ ಜೊತೆ ಹೆಸರನ್ನು ಸೇರಿಸಿದ್ದರಿಂದ ಅದು ಸಾಧ್ಯವಾಯಿತು.

ಕಳೆದ ಬಟ್ಟೆ ಮರಳಿ ಬಂದದ್ದು

ಬೌಹೌಸ್ ಕಾಲದ ತೂಗುಬಟ್ಟೆಗಳಲ್ಲಿ ಹಲವು ಕಳೆದುಹೋದವು. ಆದರೆ 1926ರ ವಿನ್ಯಾಸಗಳನ್ನು 1960ರ ದಶಕದಲ್ಲಿ ಗುಂಟಾ ಷ್ಟಾಲ್ಸ್ಲ್ ತಮ್ಮ ಕೈಯಾರೆ ಮತ್ತೆ ನೇಯ್ದರು. ಸಹಪಾಠಿಯ ಕೆಲಸವನ್ನು ನಲವತ್ತು ವರ್ಷದ ನಂತರ ಗೆಳತಿ ಮರಳಿ ಎತ್ತುವುದು ಸಾಧ್ಯವಾದದ್ದು ವಿನ್ಯಾಸ ಉಳಿದಿದ್ದರಿಂದ, ಮತ್ತು ಅದನ್ನು ಓದಬಲ್ಲ ಕೈ ಬದುಕಿದ್ದರಿಂದ.

ಆ ಬಟ್ಟೆಗಳ ಗುಟ್ಟು ಬಹುಪದರ ನೇಯ್ಗೆ. ಒಂದೇ ಮಗ್ಗದಲ್ಲಿ ಎರಡು ಹಾಸು, ಕಪ್ಪು ಒಂದು, ಬಿಳಿ ಒಂದು, ಒಂದರ ಮೇಲೊಂದು. ತಲಾ 100 ಎಳೆ ಎಂದುಕೊಳ್ಳಿ. ಮೇಲಿನ ಪದರಕ್ಕೆ ಹೊಕ್ಕು ಹಾಕುವಾಗ ಮೇಲಿನದರಲ್ಲಿ ಅರ್ಧ, 50 ಎಳೆ ಎತ್ತಿದರೆ ಸಾಕು. ಕೆಳಗಿನ ಪದರಕ್ಕೆ ಹಾಕುವಾಗ ಮೇಲಿನ 100 ಎಳೆಯನ್ನೂ ದಾರಿಯಿಂದ ಎತ್ತಿ, ಕೆಳಗಿನ 50 ಸೇರಿಸಿ, ಒಟ್ಟು 150 ಎತ್ತಬೇಕು. ಹೀಗೆ ನಾಲ್ಕು ಹೆಜ್ಜೆಗೆ ಒಂದು ಸುತ್ತು. ಕಪ್ಪು ಚೌಕ ಮುಗಿದು ಬಿಳಿ ಬರಬೇಕಾದಲ್ಲಿ ಎರಡು ಹಾಸುಗಳು ಜಾಗ ಬದಲಿಸಿಕೊಳ್ಳುತ್ತವೆ. ಅದರಿಂದಲೇ ಬಣ್ಣ ಬೆರೆಯದೆ ಅಂಚು ಚೂಪಾಗಿ ಬರುತ್ತದೆ. ಮೂರನೇ ಹಾಸು ಸೇರಿದರೆ ಮೂರನೇ ಶುದ್ಧ ಬಣ್ಣ. ಎತ್ತುವುದರಲ್ಲಿ ಒಂದೇ ಒಂದು ಎಳೆ ತಪ್ಪಿದರೂ ಎರಡು ಪದರ ಆ ಬಿಂದುವಿನಲ್ಲಿ ಹೊಲಿದುಕೊಳ್ಳುತ್ತವೆ. ಮಗ್ಗದ ಮೇಲಿರುವಾಗ ಇದು ಕಣ್ಣಿಗೆ ಬೀಳುವುದಿಲ್ಲ. ಪ್ರತಿ ಹತ್ತು ಹೊಕ್ಕಿಗೊಮ್ಮೆ ಅಂಗೈಯನ್ನು ಪದರಗಳ ನಡುವೆ ತೂರಿಸಿ ನೋಡಬೇಕು.

ಚೌಕಳಿ ಕಾಗದದ ಮೇಲೆ ಇದನ್ನು ಬರೆದಿಡುವ ಕ್ರಮ ಸರಳ: ನಿಂತ ಸಾಲು ಹಾಸು, ಅಡ್ಡಸಾಲು ಹೊಕ್ಕು, ಹಾಸು ಮೇಲೆ ಬರುವ ಚೌಕಕ್ಕೆ ಕಪ್ಪು. ಫೋಟೊ ಬಟ್ಟೆಯ ಮೈ ಮಾತ್ರ ತೋರಿಸುತ್ತದೆ. ಕೆಳಪದರದಲ್ಲಿ ಏನಿದೆ, ನೂಲು ಎಷ್ಟು ಹುರಿಯದು, ಸೆಂಟಿಮೀಟರಿಗೆ ಎಷ್ಟು ಎಳೆ ಎನ್ನುವುದು ಅದರಲ್ಲಿ ಸಿಗುವುದಿಲ್ಲ.

ಆರು ಪ್ರಾರ್ಥನೆಗಳು

1949ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಆನಿ ಅವರ ಏಕವ್ಯಕ್ತಿ ಪ್ರದರ್ಶನ ಏರ್ಪಡಿಸಿತು. ಬಟ್ಟೆಯ ಕಲಾವಿದರೊಬ್ಬರಿಗೆ ಅಲ್ಲಿ ಸಿಕ್ಕ ಮೊದಲ ಏಕವ್ಯಕ್ತಿ ಪ್ರದರ್ಶನ ಅದು. ಆ ನಂತರದ ಕೆಲಸಗಳಲ್ಲಿ ಮೇರು ಎಂದರೆ ನ್ಯೂಯಾರ್ಕಿನ ಯಹೂದಿ ಸಂಗ್ರಹಾಲಯದ ಕೋರಿಕೆಯ ಮೇರೆಗೆ 1966–67ರಲ್ಲಿ ನೇಯ್ದ ‘ಆರು ಪ್ರಾರ್ಥನೆಗಳು’. ನಾಜಿಗಳು ಕೊಂದ ಅರವತ್ತು ಲಕ್ಷ ಯಹೂದಿಯರ ನೆನಪಿಗೆ ಆರು ಪಟ್ಟಿಗಳು. ಒಂದೊಂದೂ ಸುಮಾರು 1.86 ಮೀಟರ್ ಎತ್ತರ, ಅರ್ಧ ಮೀಟರ್ ಅಗಲ. ಹತ್ತಿ, ಲಿನನ್, ಗಿಡದ ನಾರು, ಬೆಳ್ಳಿಯೆಳೆ. ಬಣ್ಣ ಕಪ್ಪು, ಬಿಳಿ, ಮಾಸಲು ಕಂದು, ಬೆಳ್ಳಿ, ಅಷ್ಟೇ.

ಇಲ್ಲಿ ಮೂಲ ಹೊಕ್ಕಿನ ಜೊತೆ ಹೆಚ್ಚುವರಿ ಎಳೆಯೊಂದು ಮೇಲ್ಮೈಯಲ್ಲಿ ಓಡಾಡುತ್ತದೆ. ಸೀರೆಯ ಬುಟ್ಟಾದಲ್ಲೂ ಹೆಚ್ಚುವರಿ ಹೊಕ್ಕು ಇರುತ್ತದೆ, ಆದರೆ ಅಲ್ಲಿ ಅದು ಹೂವಿನ ಗಡಿಯೊಳಗೆ ನಿಲ್ಲುತ್ತದೆ. ಇಲ್ಲಿ ಎಳೆ ಎಡಕ್ಕೆ ಬಲಕ್ಕೆ ಅಲೆದು, ತಿರುಗಿ, ಮುರಿದು, ಓದಲಾಗದ ಬರಹದ ಸಾಲುಗಳಂತೆ ಪಟ್ಟಿಯ ಉದ್ದಕ್ಕೂ ಸಾಗುತ್ತದೆ. ಹೆಸರುಗಳನ್ನು ಬರೆಯಲು ಸಾಧ್ಯವೇ ಇಲ್ಲದಷ್ಟು ಸಾವಿನ ಮುಂದೆ ಇದಕ್ಕಿಂತ ಘನವಾದ ನೇಯ್ಗೆಯನ್ನು ನಾವು ಕಂಡಿಲ್ಲ.

ಆನಿ ಅವರ ಕಾಲಿನ ನರಗಳು ದುರ್ಬಲವಾಗಿದ್ದವು; ಮಗ್ಗದ ಕೆಲಸ ಮೈಗೆ ಕಷ್ಟ. 1963ರಲ್ಲಿ ಲಾಸ್ ಏಂಜಲೀಸ್‌ನ ಟಮರಿಂಡ್ ಕಲ್ಲಚ್ಚು ಕಾರ್ಯಾಗಾರಕ್ಕೆ ಗಂಡನ ಜೊತೆ ಹೋದವರು ತಾವೂ ಅಚ್ಚಿನ ಕೆಲಸ ಶುರುಮಾಡಿದರು. 1970ರ ಹೊತ್ತಿಗೆ ಮಗ್ಗ ಕೊಟ್ಟುಬಿಟ್ಟರು. ಅಚ್ಚುಗಳಲ್ಲೂ ಗಂಟು, ಸಿಕ್ಕು, ತ್ರಿಕೋನದ ಸಾಲುಗಳೇ.

ಉಳಿಸುವ ಕೆಲಸ

ಬಟ್ಟೆಗೆ ಬೆಳಕಿನ ಪೆಟ್ಟು ಕೂಡುತ್ತ ಹೋಗುತ್ತದೆ, ಕತ್ತಲಲ್ಲಿ ಇಟ್ಟರೆ ವಾಸಿಯಾಗುವುದಿಲ್ಲ. ಪ್ರದರ್ಶನದಲ್ಲಿ 50 ಲಕ್ಸ್ (ಬೆಳಕಿನ ಅಳತೆ) ಮಿತಿ. ದಿನಕ್ಕೆ 8 ಗಂಟೆಯಂತೆ ವರ್ಷವಿಡೀ ಇಟ್ಟರೆ 1,46,000 ಲಕ್ಸ್-ಗಂಟೆ ಆಗುತ್ತದೆ, ಆದ್ದರಿಂದ ಕೆಲವು ತಿಂಗಳಿಗೆ ಇಳಿಸಿ ಬೇರೆ ತುಣುಕು ಹಾಕಬೇಕು. ಮಡಿಸಿಟ್ಟರೆ ಮಡಿಕೆಯಲ್ಲೇ ಎಳೆ ಮುರಿಯುತ್ತದೆ. ಆಮ್ಲರಹಿತ ಕೊಳವೆಗೆ, ನಡುವೆ ಗಂಜಿ ತೊಳೆದ ಬಿಳಿ ಮಲ್ ಬಟ್ಟೆ ಹಾಕಿ ಸುತ್ತಬೇಕು. ಬೆಳ್ಳಿಯೆಳೆ ಗಂಧಕಕ್ಕೆ ಕಪ್ಪಾಗುತ್ತದೆ, ಅದನ್ನು ರಬ್ಬರು, ಉಣ್ಣೆಗಳ ಹತ್ತಿರ ಇಡಬಾರದು. ಜರಿ ಸೀರೆಗೂ ಈ ಎಚ್ಚರಿಕೆ ಬೇಕು. ಸೆಲೋಫೇನ್ ಇರುವ ತುಣುಕುಗಳಿಗೆ ತೇವಾಂಶದ ಏರಿಳಿತವೇ ಶತ್ರು, ಒಣಗಿ ಪೆಡಸಾಗಿ ಸೀಳುತ್ತದೆ.

ಅಭ್ಯಾಸಗಳನ್ನು ಉಳಿಸಲು ಕೊಳವೆ ಸಾಲದು. ಆನಿ ಅವರ ಶಿಷ್ಯೆ ಲೋರೆ ಲಿಂಡೆನ್‌ಫೆಲ್ಡ್ ನೇಯ್ಗೆ ಮುಂದುವರಿಸಿದರು. 1947ರಲ್ಲಿ ಬ್ಲ್ಯಾಕ್ ಮೌಂಟನ್‌ಗೆ ಕಲಿಸಲು ಬಂದ ಟ್ರೂಡೆ ಗೆರ್ಮನ್‌ಪ್ರೆಜ್ ಮುಂದೆ ಕ್ಯಾಲಿಫೋರ್ನಿಯಾದಲ್ಲಿ ಕಲಿಸಿದರು, ಅವರಿಂದ ಕೇ ಸೆಕಿಮಾಚಿ ಕಲಿತರು. ಪಾಠ ದಾಟಿದ್ದು ಹೀಗೆ, ಕೈಯಿಂದ ಕೈಗೆ. ಬೇರೆ ಯಾರೇ ನಿವೃತ್ತ ನೇಯ್ಗೆ ಶಿಕ್ಷಕಿಯ ಮನೆ ಖಾಲಿಮಾಡುವಾಗಲೂ ಮೊದಲು ಎತ್ತಿಡಬೇಕಾದದ್ದು ಒಳ್ಳೆಯ ಸೀರೆ, ತೂಗುಬಟ್ಟೆಗಳನ್ನಲ್ಲ. ಅವನ್ನು ಯಾರೂ ಎಸೆಯುವುದಿಲ್ಲ. ಎಸೆಯುವುದು ಅಂಗೈಯಗಲದ ಮಾದರಿ ತುಣುಕು, ಅರ್ಧಕ್ಕೆ ಬಿಟ್ಟ ಪಟ್ಟಿ, ಚೌಕಳಿ ಪುಸ್ತಕ, ನೂಲಿನ ಚೀಟಿ. ಪ್ರತಿ ತುಣುಕಿಗೂ ಒಂದು ಕಾರ್ಡ್ ಬರೆಯಿರಿ: ಹಾಸು ಮತ್ತು ಹೊಕ್ಕಿನ ನೂಲು, ಸೆಂಟಿಮೀಟರಿಗೆ ಎಳೆ, ಎತ್ತುವ ಕ್ರಮ, ವರ್ಷ, ಮಾಡಿದವರು. ಕೊನೆಯ ಸಾಲಿನಲ್ಲಿ, ಇದು ಯಾವ ಪ್ರಶ್ನೆಗೆ ಉತ್ತರವಾಗಿ ನೇಯ್ದದ್ದು, ವಿದ್ಯಾರ್ಥಿಗಳು ಇದರಲ್ಲಿ ಎಲ್ಲಿ ಎಡವುತ್ತಿದ್ದರು, ಆಗ ಶಿಕ್ಷಕಿ ಏನು ಮಾಡಿ ತೋರಿಸುತ್ತಿದ್ದರು ಎಂದು ಹಳೆಯ ವಿದ್ಯಾರ್ಥಿಗಳನ್ನು ಕೇಳಿ ತುಂಬಿಸಬೇಕು. ಆ ವಿದ್ಯಾರ್ಥಿಗಳಿಗೂ ವಯಸ್ಸಾಗಿರುತ್ತದೆ, ಆದ್ದರಿಂದ ಬಟ್ಟೆಗಳನ್ನು ಪಟ್ಟಿಮಾಡುವ ಮೊದಲೇ ಅವರಿಗೆ ಫೋನ್ ಮಾಡಿ.